ಪಿತ್ತನಾಳದ ತೀವ್ರ ಸೋಂಕು: ಪ್ರಾಣಿ ಮಾದರಿ ರೂಪಿಸುವ ಬಗೆ

ಪಿತ್ತನಾಳದ ತೀವ್ರ ಸೋಂಕಿಗೆ, ಅಂದರೆ ಅಕ್ಯೂಟ್ ಕೊಲಾಂಜೈಟಿಸ್‌ಗೆ, ಬ್ಯಾಕ್ಟೀರಿಯಾ ಒಂದೇ ಸಾಲದು. ಪಿತ್ತರಸ ಸರಾಗವಾಗಿ ಹರಿಯುವ ನಾಳಕ್ಕೆ ಕೆಲವು ಬ್ಯಾಕ್ಟೀರಿಯಾ ಸೇರಿದರೂ ಅವು ಕರುಳಿಗೆ ಕೊಚ್ಚಿಹೋಗುತ್ತವೆ. ಕಲ್ಲು ಅಥವಾ ಗೆಡ್ಡೆ ನಾಳವನ್ನು ಮುಚ್ಚಿದಾಗ ಒಳಗಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ 7ರಿಂದ 14 ಸೆಂಟಿಮೀಟರ್ ನೀರಿನ ಮಟ್ಟದಷ್ಟಿರುವ ಅದು 25–30ನ್ನು ದಾಟಿದರೆ, ಬ್ಯಾಕ್ಟೀರಿಯಾ ಮತ್ತು ಅವುಗಳ ಹೊರಪೊರೆಯ ವಿಷವಾದ ಎಂಡೋಟಾಕ್ಸಿನ್ ಹಿಮ್ಮುಖವಾಗಿ ಯಕೃತ್ತಿನ ರಕ್ತನಾಳಗಳಿಗೆ ನುಗ್ಗುತ್ತವೆ. 1877ರಲ್ಲಿ ಫ್ರೆಂಚ್ ವೈದ್ಯ ಶಾರ್ಕೊ ಗುರುತಿಸಿದ ಜ್ವರ, ಕಾಮಾಲೆ, ಹೊಟ್ಟೆನೋವುಗಳ ಜೊತೆಗೆ 1959ರಲ್ಲಿ ವೈದ್ಯರಾದ ರೇನಾಲ್ಡ್ಸ್ ಮತ್ತು ಡಾರ್ಗನ್ ರಕ್ತದೊತ್ತಡದ ಕುಸಿತವನ್ನೂ ಪ್ರಜ್ಞೆಯ ಗೊಂದಲವನ್ನೂ ಸೇರಿಸಿದರು. ಈ ಕೊನೆಯ ಎರಡು ಲಕ್ಷಣಗಳು ನಂಜು ರಕ್ತಕ್ಕೆ ಇಳಿದುದರ ಗುರುತು.

ಈ ರೋಗವನ್ನು ಅಧ್ಯಯನಕ್ಕಾಗಿ ಪ್ರಾಣಿಯಲ್ಲಿ ಉಂಟುಮಾಡುವುದೇ ಪ್ರಾಣಿ ಮಾದರಿ. ರೋಗಕ್ಕೆ ತಡೆ, ಬ್ಯಾಕ್ಟೀರಿಯಾ ಎರಡೂ ಬೇಕಾದ್ದರಿಂದ, ಇಲಿಯ ನಾಳವನ್ನು ಬರಿದೇ ಕಟ್ಟಿದರೆ ಮುಖ್ಯವಾಗಿ ಸಿಗುವುದು ಪಿತ್ತರಸದ ತಡೆ. ಕೆಲವು ವಾರ ಹಾಗೆಯೇ ಬಿಟ್ಟರೆ ಯಕೃತ್ತು ನಾರುಗಟ್ಟುತ್ತದೆ. ಕೊಲಾಂಜೈಟಿಸ್ ಬೇಕಾದರೆ ಕಟ್ಟುವುದರ ಜೊತೆಗೆ ಇ. ಕೋಲಿಯಂಥ ಬ್ಯಾಕ್ಟೀರಿಯಾವನ್ನೋ ಅದರ ಎಂಡೋಟಾಕ್ಸಿನ್ನನ್ನೋ ನಾಳದೊಳಗೆ ಸೇರಿಸಬೇಕು.

ರ‍್ಯಾಟ್ ಎಂಬ ದೊಡ್ಡ ಇಲಿಗೆ ಪಿತ್ತಕೋಶವೇ ಇಲ್ಲ. ಮೇದೋಜೀರಕ ಗ್ರಂಥಿಯ ಕಿರುನಾಳಗಳು ಪಿತ್ತನಾಳಕ್ಕೇ ಬಂದು ಸೇರುತ್ತವೆ. ಕರುಳಿನ ಬಳಿಯೇ ಕಟ್ಟಿದರೆ ಆ ಗ್ರಂಥಿಯೂ ಊದಿಕೊಂಡು, ಯಾವ ರೋಗವನ್ನು ಅಳೆಯುತ್ತಿದ್ದೇವೆಂಬುದೇ ತಿಳಿಯದಾಗುತ್ತದೆ. ಹಾಗಾಗಿ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು, ಯಕೃತ್ತನ್ನು ಮೇಲಕ್ಕೆತ್ತಿ, ಹಳದಿಯಾಗಿ ಕಾಣುವ ತೆಳುನಾಳದ ಮೇಲ್ಭಾಗದಲ್ಲಿ ಎರಡು ದಾರ ತೂರಿಸುತ್ತಾರೆ. ಕೆಳಗಿನ ದಾರವನ್ನು ಮೊದಲು ಬಿಗಿದು, ಅದರ ಮೇಲೆ ಸಣ್ಣ ಸೂಜಿಯಿಂದ ಬ್ಯಾಕ್ಟೀರಿಯಾ ದ್ರಾವಣವನ್ನು ಯಕೃತ್ತಿನ ದಿಕ್ಕಿಗೆ ಹಾಯಿಸಿ, ಸೂಜಿ ಚುಚ್ಚಿದ ಜಾಗ ಸೋರದಂತೆ ಮೇಲಿನ ದಾರವನ್ನು ಬಿಗಿಯುತ್ತಾರೆ. ದ್ರಾವಣವನ್ನು ಅವಸರದಿಂದ ತಳ್ಳಿದರೆ ಆ ಒತ್ತಡವೇ ಬ್ಯಾಕ್ಟೀರಿಯಾವನ್ನು ರಕ್ತಕ್ಕೆ ದೂಡಬಹುದು. ಇದಕ್ಕಾಗಿಯೇ, ಹೋಲಿಕೆಗೆಂದು, ಬರಿದೇ ಹೊಟ್ಟೆ ತೆರೆದು ಮುಚ್ಚಿದ ಗುಂಪು, ಕಟ್ಟಿದ್ದಷ್ಟೇ ಆದ ಗುಂಪುಗಳ ಜೊತೆಗೆ, ಕಟ್ಟಿ ಅಷ್ಟೇ ಪ್ರಮಾಣದ ಉಪ್ಪುನೀರು ಹಾಯಿಸಿದ ಗುಂಪೂ ಇರಬೇಕು. ನನ್ನ ದೃಷ್ಟಿಯಲ್ಲಿ ಈ ಮೂರನೆಯ ಗುಂಪಿಲ್ಲದ ಪ್ರಯೋಗ ಅರ್ಧ ಪ್ರಯೋಗ.

ಶಾರ್ಕೊನ ಲಕ್ಷಣಗಳನ್ನು ಇಲಿಯಲ್ಲಿ ಹುಡುಕುವುದು ವ್ಯರ್ಥ. ತೀವ್ರ ನಂಜಿನಲ್ಲಿ ಮೌಸ್ ಎಂಬ ಸಣ್ಣ ಇಲಿಯ ಮೈ ಬಿಸಿಯಾಗುವ ಬದಲು ಹೆಚ್ಚಾಗಿ ತಣ್ಣಗಾಗುತ್ತದೆ. ಎಂಡೋಟಾಕ್ಸಿನ್ನನ್ನು ಅದು ಮನುಷ್ಯರಿಗಿಂತ ಬಹಳ ಹೆಚ್ಚು ತಾಳಿಕೊಳ್ಳುತ್ತದೆ. ಆದ್ದರಿಂದ ರಕ್ತದ ಕಲ್ಚರ್ (ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ), ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್, ಯಕೃತ್ತಿನ ತುಣುಕಿನಲ್ಲಿ ನಾಳದ ಸುತ್ತ ಮುತ್ತಿದ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು, ಇವೇ ಸಾಕ್ಷ್ಯ. ಮೈಯ ಉಷ್ಣತೆ ನಿಗದಿತ ಮಟ್ಟಕ್ಕಿಂತ ಇಳಿದೊಡನೆ, ಸಾವಿಗೆ ಕಾಯದೆ, ಆ ಪ್ರಾಣಿಯ ಮೇಲಿನ ಪ್ರಯೋಗವನ್ನು ಮುಗಿಸುವ ಪದ್ಧತಿಯೂ ಮೈ ತಣ್ಣಗಾಗುವ ಈ ಲಕ್ಷಣದಿಂದಲೇ ಬಂದಿದೆ.

ರೋಗಿಗೆ ಆ್ಯಂಟಿಬಯಾಟಿಕ್ ಕೊಡುವುದರ ಜೊತೆಗೆ ತಡೆಯನ್ನು ತೆರೆದು ಪಿತ್ತರಸವನ್ನು ಹೊರಹರಿಸುತ್ತಾರೆ. ಶಾಶ್ವತವಾಗಿ ಬಿಗಿದ ಗಂಟಿನ ಮಾದರಿಯಲ್ಲಿ ಈ ಚಿಕಿತ್ಸೆಯನ್ನು ಪರೀಕ್ಷಿಸಲಾಗದು. ಬಿಚ್ಚಬಹುದಾದ ಕುಣಿಕೆಯನ್ನೋ ನಾಳಕ್ಕೆ ಸಣ್ಣ ಕೊಳವೆಯನ್ನೋ ಇಟ್ಟರೆ ಶಸ್ತ್ರಕ್ರಿಯೆ ಕಷ್ಟವಾಗುತ್ತದೆ. ಆದರೆ ತಡೆಯನ್ನು ಬೇಗ ತೆರೆದ ಪ್ರಾಣಿಗೂ ತಡವಾಗಿ ತೆರೆದ ಪ್ರಾಣಿಗೂ ಇರುವ ವ್ಯತ್ಯಾಸವನ್ನು ಅಳೆಯಲು ಸಾಧ್ಯವಾಗುವುದು ಆಗಲೇ.