ಹಳೇ ಸ್ಟೀರಿಯೋ ಒಳಗೆ ಯಾವುದಕ್ಕೆ ವಯಸ್ಸಾಗಿದೆ?

1970ರ ದಶಕದ ಒಂದು ಸ್ಟೀರಿಯೋ ರಿಸೀವರ್, ಅಂದರೆ ರೇಡಿಯೋ ಮತ್ತು ಸದ್ದು ಹಿಗ್ಗಿಸುವ ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್ಟು, ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಎದುರಿಗೆ ದಪ್ಪ ಅಲ್ಯೂಮಿನಿಯಂ ಪಟ್ಟಿ, ಸುತ್ತ ಮರದ ಪೆಟ್ಟಿಗೆ, ತಿರುಗಿಸಿದರೆ ಭಾರವಾಗಿ, ನುಣ್ಣಗೆ ಸರಿಯುವ ಟ್ಯೂನಿಂಗ್ ಗುಂಡಿ. ಎಷ್ಟೋ ವರ್ಷದಿಂದ ಯಾರೂ ಅದನ್ನು ಆನ್ ಮಾಡಿಲ್ಲ. ಮನೆಗೆ ತಂದ ತಕ್ಷಣ ಪ್ಲಗ್ ಹಾಕಿ ಸ್ವಿಚ್ ಒತ್ತೋಣ ಅನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಸೆಟ್ಟು ಇಷ್ಟು ವರ್ಷ ಸುಮ್ನೆ ಕೂತಿದ್ದರೂ ಅದರೊಳಗಿನ ರಾಸಾಯನಿಕಗಳು ಸುಮ್ಮನಿರಲಿಲ್ಲ.

ಹಳೇ ಸೆಟ್ಟಿನ ಸದ್ದೇ ಬೇರೆ ಅನ್ನುತ್ತಾರೆ. ನಿಜ, ಬೇರೆಯೇ. ಆದರೆ ಅದರಲ್ಲಿ ಎಂಜಿನಿಯರ್‌ಗಳ ಕೈಚಳಕ ಎಷ್ಟು, ವಯಸ್ಸಿನ ಪಾಲು ಎಷ್ಟು? ಈ ಪ್ರಶ್ನೆ ಕೇಳಿಕೊಳ್ಳದಿದ್ದರೆ ಒಣಗಿದ ಬಿಡಿಭಾಗದ ಸದ್ದನ್ನೇ ಹಳೇ ಕಾಲದ ಸೊಗಸು ಅಂತ ಮೆಚ್ಚಿಕೊಂಡು ಕೂರುತ್ತೇವೆ. ನನ್ನ ಮಟ್ಟಿಗೆ ಈ ಹವ್ಯಾಸದ ನಿಜವಾದ ಸುಖ ಇರುವುದು ಇವೆರಡನ್ನೂ ಬೇರೆ ಮಾಡಿ ನೋಡುವುದರಲ್ಲಿ.

ವಯಸ್ಸು ಮೊದಲು ಹಿಡಿಯುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು, ಅಂದರೆ ಚಾರ್ಜ್ ಹಿಡಿದಿಡುವ ಬಿಡಿಭಾಗಗಳನ್ನು. ಮುಚ್ಚಳ ಬಿಚ್ಚಿದರೆ ಟ್ರಾನ್ಸ್‌ಫಾರ್ಮರ್ ಹತ್ತಿರ ಸಾಮಾನ್ಯವಾಗಿ ಎರಡು ದೊಡ್ಡ ಡಬ್ಬಿಗಳು ಕಾಣುತ್ತವೆ. ಬೋರ್ಡಿನ ಮೇಲೆ ಅಲ್ಲಲ್ಲಿ ಅದೇ ಜಾತಿಯ ಚಿಕ್ಕವೂ ಇರುತ್ತವೆ. ಪ್ರತಿಯೊಂದರ ಒಳಗೂ ಅಲ್ಯೂಮಿನಿಯಂ ಹಾಳೆಗಳನ್ನು ಕಾಗದದ ಜೊತೆ ಸುರುಳಿ ಸುತ್ತಿ ಇಟ್ಟಿದ್ದಾರೆ. ಕಾಗದ ಒಂದು ದ್ರವದಲ್ಲಿ ನೆನೆದಿದೆ. ಕರೆಂಟನ್ನು ತಡೆದು ನಿಲ್ಲಿಸುವುದು ಕಾಗದವಲ್ಲ, ಹಾಳೆಯ ಮೇಲೆ ಬೆಳೆಸಿರುವ ಅಲ್ಯೂಮಿನಿಯಂ ಆಕ್ಸೈಡ್ ಪದರ. ಅದರ ದಪ್ಪ ಒಂದು ವೋಲ್ಟಿಗೆ ಸುಮಾರು 1.4 ನ್ಯಾನೋಮೀಟರ್. ಅಂದರೆ 50 ವೋಲ್ಟ್ ತಡೆಯಲು ಬೇಕಾದ ಗೋಡೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟೂ ದಪ್ಪ ಇರಬೇಕಾಗಿಲ್ಲ. ಇಷ್ಟು ತೆಳ್ಳಗಿರುವುದರಿಂದಲೇ ಅಷ್ಟು ಚಿಕ್ಕ ಡಬ್ಬಿಯಲ್ಲಿ ಅಷ್ಟೊಂದು ಚಾರ್ಜ್ ಹಿಡಿಸುತ್ತದೆ.

ವರ್ಷಗಟ್ಟಲೆ ಕರೆಂಟಿಲ್ಲದೆ ಬಿದ್ದಿದ್ದರೆ ಈ ಪದರ ಅಲ್ಲಲ್ಲಿ ಹಾಳಾಗುತ್ತದೆ. ಒಮ್ಮೆಗೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಹಾಳಾದ ಜಾಗದಲ್ಲಿ ಕರೆಂಟ್ ಸೋರುತ್ತದೆ, ದ್ರವ ಬಿಸಿಯಾಗುತ್ತದೆ, ಗ್ಯಾಸ್ ತುಂಬಿ ಡಬ್ಬಿ ಉಬ್ಬುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ವೋಲ್ಟೇಜನ್ನು ನಿಧಾನವಾಗಿ ಏರಿಸಿದರೆ ನಡೆಯುವುದೇ ಬೇರೆ. ಸೋರುವ ಆ ಚೂರು ಕರೆಂಟೇ ದ್ರವದಿಂದ ಆಕ್ಸಿಜನ್ ಬಿಡಿಸಿ ಅಲ್ಯೂಮಿನಿಯಂಗೆ ಕೊಡುತ್ತದೆ, ಗಾಯವಾದ ಜಾಗದಲ್ಲಿ ಆಕ್ಸೈಡ್ ಮತ್ತೆ ಬೆಳೆಯುತ್ತದೆ. ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಬಿಡಿಭಾಗ ಇದು. ಎಷ್ಟು ಸಲ ಯೋಚಿಸಿದರೂ ನನಗೆ ಇದು ಬೆರಗಿನ ವಿಷಯ.

ಆದರೆ ಒಣಗಿದ್ದಕ್ಕೆ ಈ ಮದ್ದು ಇಲ್ಲ. ಡಬ್ಬಿಯ ಬುಡದ ರಬ್ಬರ್ ಬಿರಡೆಯ ಮೂಲಕ ದ್ರವ ನಿಧಾನವಾಗಿ ಆವಿಯಾಗಿ ಹೋಗುತ್ತಲೇ ಇರುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಪಾಸಿಟರ್ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಂಜಿನಿಯರ್‌ಗಳು ಬಳಸುವ ಸ್ಥೂಲ ಲೆಕ್ಕ. ಹಾಗಾಗಿ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಪಕ್ಕದ್ದು ಮೊದಲು ಸಾಯುತ್ತದೆ, ಮೂಲೆಯಲ್ಲಿ ತಣ್ಣಗಿದ್ದದ್ದು ಇನ್ನೂ ಗಟ್ಟಿಯಾಗಿರುತ್ತದೆ. ದೊಡ್ಡ ಡಬ್ಬಿಗಳು ಸುಸ್ತಾದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸೈಕಲ್‌ನ ಕರೆಂಟ್ ಇರುವ ಕಡೆ ಆ ಗುಂಯ್ 100 ಹರ್ಟ್ಸ್‌ನದ್ದು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಒಂದು ಸೈಕಲ್‌ಗೆ ಎರಡು ಏರಿಳಿತ ಬರುತ್ತವೆ, ಅವನ್ನು ಸಪಾಟು ಮಾಡಬೇಕಾದ ಕೆಪಾಸಿಟರಿಗೆ ಈಗ ಶಕ್ತಿಯಿಲ್ಲ.

ಮೊದಲ ಸಲ ಕರೆಂಟ್ ಕೊಡಲು ತಿಳಿದವರು ಒಂದು ಸರಳ ಉಪಾಯ ಮಾಡುತ್ತಾರೆ. ಸೆಟ್ಟಿಗೆ ಹೋಗುವ ದಾರಿಯಲ್ಲಿ ಹಳೇ ಕಾಲದ ತಂತಿಯ ಬಲ್ಬ್ ಒಂದನ್ನು ಸೀರೀಸ್‌ನಲ್ಲಿ ಸೇರಿಸುತ್ತಾರೆ. ಎಲ್‌ಇಡಿ ಆಗುವುದಿಲ್ಲ, ಟಂಗ್‌ಸ್ಟನ್ ತಂತಿಯದ್ದೇ ಬೇಕು. ತಣ್ಣಗಿರುವಾಗ ಆ ತಂತಿಯ ರೆಸಿಸ್ಟೆನ್ಸ್ ತುಂಬಾ ಕಡಿಮೆ, ಕಾದರೆ ಹತ್ತು ಪಟ್ಟಿಗೂ ಜಾಸ್ತಿ. ಸ್ವಿಚ್ ಒತ್ತಿದ ಕೂಡಲೇ ಬಲ್ಬ್ ಒಮ್ಮೆ ಜೋರಾಗಿ ಬೆಳಗಿ, ಕೆಪಾಸಿಟರ್‌ಗಳು ತುಂಬುತ್ತಿದ್ದಂತೆ ಮಂಕಾದರೆ ಒಳ್ಳೆಯ ಲಕ್ಷಣ. ಮಂಕಾಗದೆ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಆಫ್ ಮಾಡಬೇಕು. ಅಷ್ಟು ಹೊತ್ತೂ ಹೆಚ್ಚಿನ ಕರೆಂಟನ್ನು ಬಲ್ಬ್ ತಡೆದಿರುತ್ತದೆ. ಒಂದು ಮಾತು: ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅಭ್ಯಾಸ ಇಲ್ಲದವರು ಮುಚ್ಚಳ ಬಿಚ್ಚಬಾರದು, ರಿಪೇರಿ ಗೊತ್ತಿರುವವರ ಕೈಗೇ ಕೊಡಬೇಕು.

ಇನ್ನು ವಯಸ್ಸಾಗದ ಭಾಗಗಳು. ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ಚಾಸಿ. ಸರಿಯಾಗಿ ನೋಡಿಕೊಂಡರೆ ಇವು ನಮಗಿಂತ ಜಾಸ್ತಿ ಕಾಲ ಬಾಳುತ್ತವೆ. ಆ ಕಾಲದ ಸೆಟ್ಟುಗಳು ಯಾಕೆ ಅಷ್ಟು ಭಾರ ಅನ್ನುವುದಕ್ಕೆ ಒಂದು ಕಾರಣ ಅಮೆರಿಕದ ಕಾನೂನಿನಲ್ಲಿದೆ. ಅಲ್ಲಿಯವರೆಗೆ ಜಾಹೀರಾತಿನಲ್ಲಿ ಯಾರು ಎಷ್ಟು ವಾಟ್ ಬೇಕಾದರೂ ಬರೆದುಕೊಳ್ಳುತ್ತಿದ್ದರು. 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು. ಆಂಪ್ಲಿಫೈಯರನ್ನು ಮೊದಲು ಒಂದು ಗಂಟೆ, ಕಂಪನಿ ಹೇಳಿಕೊಂಡ ಪವರಿನ ಮೂರನೇ ಒಂದು ಭಾಗದಲ್ಲಿ ಓಡಿಸಬೇಕು, ಆಮೇಲೆ ಎರಡೂ ಚಾನೆಲ್ ಒಟ್ಟಿಗೆ ದುಡಿಯುವಾಗ ನಿರಂತರವಾಗಿ ಎಷ್ಟು ವಾಟ್ ಬರುತ್ತದೆ ಅಂತ ಅಳೆಯಬೇಕು. ಮೂರನೇ ಒಂದು ಭಾಗ ಅಂದರೆ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಈ ಸೆಟ್ಟುಗಳಲ್ಲಿ ಸಾಮಾನ್ಯವಾಗಿರುವ ಬಗೆಯ ಆಂಪ್ಲಿಫೈಯರ್ ಅತಿ ಹೆಚ್ಚು ಬಿಸಿಯಾಗುವುದು ಪೂರ್ತಿ ಪವರ್‌ನಲ್ಲಿ ಅಲ್ಲ. ಸುಮಾರು 40 ಪರ್ಸೆಂಟ್ ಹತ್ತಿರ ಟ್ರಾನ್ಸಿಸ್ಟರ್‌ಗಳು ತಿನ್ನುವ ವಾಟ್ ಎಲ್ಲಕ್ಕಿಂತ ಜಾಸ್ತಿ. ನಿಯಮದ ಪರೀಕ್ಷೆ ಅದರ ಪಕ್ಕದಲ್ಲೇ ನಿಂತಿತ್ತು. ಪಾಸಾಗಲು ದೊಡ್ಡ ಹೀಟ್‌ಸಿಂಕ್, ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಜೊತೆಗೆ ಕಂಪನಿಗಳ ನಡುವೆ ವಾಟ್ ಪೈಪೋಟಿ. 1978ರ ಪಯೋನಿಯರ್ ಎಸ್‌ಎಕ್ಸ್-1980 ರಿಸೀವರ್ ಒಂದು ಚಾನೆಲ್‌ಗೆ 270 ವಾಟ್ ತನಕ ಹೋಯಿತು.

ಅಷ್ಟು ವಾಟ್ ಬೇಕೇ? ನಮ್ಮ ಕಿವಿಗೆ ಸದ್ದು ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಪವರ್ ಸುಮಾರು ಹತ್ತು ಪಟ್ಟು ಹೆಚ್ಚಬೇಕು. 27 ವಾಟ್ ಸೆಟ್ಟಿಗೂ 270 ವಾಟ್ ಸೆಟ್ಟಿಗೂ ಇರುವ ಅಂತರ ಅಷ್ಟೇ. ಹಾಗಾಗಿ ಅದೇ ಕಾಲದ ಚಿಕ್ಕ ಆಂಪ್ಲಿಫೈಯರ್‌ಗಳನ್ನು ಕಡೆಗಣಿಸಬೇಡಿ. ಒಂದು ಕೋಣೆಯಲ್ಲಿ ಕೂತು ಹಾಡು ಕೇಳಲು ಅವು ಧಾರಾಳ ಸಾಕು.

ಅವುಗಳಲ್ಲಿ ಹಲವದರ ಮುಖದ ಮೇಲೆ ಲೌಡ್‌ನೆಸ್ ಅನ್ನುವ ಒತ್ತುಗುಂಡಿ ಇದೆ. ಅದನ್ನು ಮುಟ್ಟಲೇಬಾರದು ಅನ್ನುವವರು ಇದ್ದಾರೆ, ನಾನು ಒಪ್ಪುವುದಿಲ್ಲ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಮನುಷ್ಯನ ಕಿವಿಯನ್ನು ಅಳೆದು ತೋರಿಸಿದರು: ಸದ್ದು ತಗ್ಗಿದಂತೆ ಮಂದ್ರ ಸ್ವರಗಳು ಕಿವಿಗೆ ಉಳಿದವುಗಳಿಗಿಂತ ಬೇಗ ಮಾಯವಾಗುತ್ತವೆ. ವಾಲ್ಯೂಮ್ ಕಡಿಮೆ ಇರುವಾಗ ಈ ಗುಂಡಿ ಕಳೆದುಹೋದ ಮಂದ್ರವನ್ನು ತುಂಬಿಕೊಡುತ್ತದೆ. ರಾತ್ರಿ ಮೆಲ್ಲಗೆ ಕೇಳುವವರಿಗೆ ಇದು ವರ. ಜೋರಾಗಿ ಕೇಳುವಾಗ ಆಫ್ ಮಾಡಿ.

ಈಗ ರೆಕಾರ್ಡಿನ ಗೀರಿಗೆ ಬರೋಣ. ಸ್ಟೀರಿಯೋ ಶುರುವಾಗುವುದೇ ಅಲ್ಲಿ. ಒಂದೇ ಗೀರಿನಲ್ಲಿ ಎರಡು ಬೇರೆ ಬೇರೆ ಸದ್ದು ಹೇಗೆ ಕೂತಿವೆ? ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲೂಮ್‌ಲೈನ್ 1931ರಲ್ಲೇ ಪೇಟೆಂಟ್ ಅರ್ಜಿಯಲ್ಲಿ ಇದಕ್ಕೆ ದಾರಿ ತೋರಿಸಿದ್ದರು. ಗೀರಿಗೆ ಇಂಗ್ಲಿಷಿನ ವಿ ಅಕ್ಷರದ ಆಕಾರ. ಒಂದೊಂದು ಗೋಡೆಯೂ 45 ಡಿಗ್ರಿ ವಾಲಿದೆ. ಒಂದು ಗೋಡೆಯಲ್ಲಿ ಎಡದ ಸದ್ದು, ಇನ್ನೊಂದರಲ್ಲಿ ಬಲದ ಸದ್ದು. ಎರಡೂ ಕಡೆ ಒಂದೇ ಸದ್ದಿದ್ದರೆ ಮುಳ್ಳು ಅಡ್ಡಡ್ಡ ಅಲುಗುವಂತೆ, ವ್ಯತ್ಯಾಸ ಇದ್ದಷ್ಟು ಮೇಲೆ ಕೆಳಗೆ ಕುಣಿಯುವಂತೆ ಲೆಕ್ಕ ಹಾಕಿದ್ದಾರೆ. ಮೊದಲಿನ ಮೋನೋ ರೆಕಾರ್ಡುಗಳಲ್ಲಿ ಮುಳ್ಳು ಅಡ್ಡಡ್ಡವೇ ಅಲುಗುತ್ತಿದ್ದುದರಿಂದ ಮುಳ್ಳಿನ ಅಲುಗಾಟವನ್ನು ಕರೆಂಟಾಗಿ ಬದಲಿಸುವ ಹೊಸ ಕಾರ್ಟ್ರಿಜ್ ಹಳೇ ರೆಕಾರ್ಡನ್ನೂ ಸಲೀಸಾಗಿ ಓದಿತು. ಈ ಬಗೆಯ ಎಲ್‌ಪಿಗಳು ಅಂಗಡಿಗೆ ಬರಲು ಮಾತ್ರ 1957-58ರ ತನಕ ಕಾಯಬೇಕಾಯಿತು.

33⅓ ಸುತ್ತಿನ ಎಲ್‌ಪಿಯ ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಒಳಗಿನ ಕೊನೆಯ ಹಾಡಿನ ಹೊತ್ತಿಗೆ ಸುಮಾರು 21ಕ್ಕೆ ಇಳಿದಿರುತ್ತದೆ. 10,000 ಹರ್ಟ್ಸ್‌ನ ಒಂದು ಅಲೆಗೆ ಹೊರಗೆ 50 ಮೈಕ್ರಾನ್ ಜಾಗ ಇದ್ದರೆ ಒಳಗೆ 21 ಮಾತ್ರ. ದುಂಡು ತುದಿಯ ಮುಳ್ಳಿಗೆ ಅಷ್ಟು ಇಕ್ಕಟ್ಟಿನ ತಿರುವಿನೊಳಗೆ ಇಳಿಯಲು ಆಗುವುದಿಲ್ಲ. ಕೊನೆಯ ಹಾಡಿನಲ್ಲಿ 'ಸ', 'ಶ' ಅಕ್ಷರಗಳು ಒಡೆದಂತೆ ಕೇಳುವುದು ಅದಕ್ಕೇ. ಪಕ್ಕದಿಂದ ತೆಳ್ಳಗೆ ಸಾಣೆ ಹಿಡಿದ ಎಲಿಪ್ಟಿಕಲ್ ಮುಳ್ಳು ಹಾಕಿದರೆ ಬಹಳಷ್ಟು ಸರಿಹೋಗುತ್ತದೆ. ಹಳೇ ಪ್ಲೇಯರ್ ತಂದವರು ಮೊದಲು ಬದಲಿಸಬೇಕಾದದ್ದು ಮುಳ್ಳನ್ನೇ. ಮುಳ್ಳಿನ ಸವೆದ ವಜ್ರದ ತುದಿ ಗೀರನ್ನು ಕೆರೆದು ಹಾಕುತ್ತದೆ, ಹೋದ ಸದ್ದು ಮತ್ತೆ ಬರುವುದಿಲ್ಲ.

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಬರೀ 3ರಿಂದ 5 ಮಿಲಿವೋಲ್ಟ್. ಆಂಪ್ಲಿಫೈಯರಿನಲ್ಲಿ ಫೋನೋ ಅಂತ ಬರೆದ ಜಾಗಕ್ಕೇ ಅದನ್ನು ಚುಚ್ಚಬೇಕು. ಆ ಜಾಗ ಸದ್ದನ್ನು ಹಿಗ್ಗಿಸುವುದರ ಜೊತೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮಂದ್ರ ಸ್ವರಗಳನ್ನು ಇದ್ದ ಹಾಗೇ ಕೊರೆದರೆ ಗೀರು ತೀರಾ ಅಗಲವಾಗುತ್ತದೆ, ಸಣ್ಣ ತಾರ ಸ್ವರಗಳು ಕರಕರ ಸದ್ದಿನಲ್ಲಿ ಮುಳುಗುತ್ತವೆ. ಅದಕ್ಕೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸುತ್ತಾರೆ. ಕೇಳುವಾಗ ಆಂಪ್ಲಿಫೈಯರ್ ಅದನ್ನು ತಿರುಗಿಸಿ ಸರಿಮಾಡುತ್ತದೆ. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಗೊತ್ತುಮಾಡಿದ ಆರ್‌ಐಎಎ ಅಳತೆ ಇದಕ್ಕೆ ಆಧಾರ.

ಕೊನೆಗೆ ಸ್ಪೀಕರ್. ಇಲ್ಲಿ ವಯಸ್ಸು ಕಣ್ಣಿಗೇ ಕಾಣುತ್ತದೆ. ಕೋನಿನ ಸುತ್ತ ಇರುವ ಫೋಮ್ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಅನೇಕ ಸಲ ಅದು ಒಣಗಿದ ಎಲೆಯಂತೆ ಪುಡಿಯಾಗಿ ಉದುರುತ್ತದೆ. ಗಾಳಿಯ ತೇವ, ಬೆಳಕು, ಆಕ್ಸಿಜನ್ ಸೇರಿ ಫೋಮ್ ಮಾಡಿರುವ ಪಾಲಿಯುರೆಥೇನ್ ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ಹಾಡಿದರೂ ಹಾಡದಿದ್ದರೂ ಇದು ತಪ್ಪುವುದಿಲ್ಲ. ರಬ್ಬರ್ ಅಥವಾ ಬಟ್ಟೆಯ ಅಂಚಿದ್ದರೆ ಪುಣ್ಯ, ಅವು ಇದಕ್ಕಿಂತ ಎಷ್ಟೋ ಕಾಲ ಬಾಳುತ್ತವೆ.

ಮುಚ್ಚಿದ ಪೆಟ್ಟಿಗೆಯ ಸ್ಪೀಕರ್‌ಗಳಲ್ಲಿ ಈ ಅಂಚಿಗೆ ಇನ್ನೂ ದೊಡ್ಡ ಜವಾಬ್ದಾರಿ. 1954ರಲ್ಲಿ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಎಆರ್-1 ಸ್ಪೀಕರ್ ತಂದಾಗ ಎಲ್ಲರೂ ಬೆರಗಾದರು. ಅಷ್ಟು ಚಿಕ್ಕ ಪೆಟ್ಟಿಗೆಯಿಂದ ಅಂಥ ಮಂದ್ರ! ಕೋನನ್ನು ಹಿಡಿದಿಡುವ ಅಂಚನ್ನು ಅವರು ಬೇಕೆಂದೇ ತುಂಬಾ ಸಡಿಲ ಮಾಡಿದ್ದರು. ಕೋನನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗಿನ ಕೆಲಸವನ್ನು ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಗಾಳಿಗೆ ಕೊಟ್ಟರು. ಬಟ್ಟೆ, ಕಾಗದದ ಸ್ಪ್ರಿಂಗಿಗಿಂತ ಗಾಳಿ ಹೆಚ್ಚು ಸಮನಾಗಿ ಎಳೆಯುತ್ತದೆ, ಹಾಗಾಗಿ ಮಂದ್ರ ಸ್ವಚ್ಛ. ಆದರೆ ಅಂಚು ಹರಿದರೆ ಗಾಳಿ ಸೋರುತ್ತದೆ, ಆ ಸ್ಪ್ರಿಂಗೇ ಇಲ್ಲದಂತಾಗುತ್ತದೆ.

ಹೊಸ ಅಂಚು ಅಂಟಿಸುವುದು ತಾಳ್ಮೆಯ ಕೆಲಸ. ಕೋನಿನ ಹಿಂದಿನ ವಾಯ್ಸ್ ಕಾಯಿಲ್ ಅನ್ನುವ ತಂತಿ ಸುರುಳಿ ಮ್ಯಾಗ್ನೆಟ್ಟಿನ ಸಂದಿಯಲ್ಲಿ ಕೂದಲೆಳೆಯ ಅಂತರದಲ್ಲಿ ಓಡಾಡಬೇಕು. ನಡುವಿಗೆ ಸರಿಯಾಗಿ ನಿಲ್ಲಿಸಲು ಕೆಲವರು ಅಂಟು ಒಣಗುವ ಮುಂಚೆ 30 ಹರ್ಟ್ಸ್‌ನ ಮೆಲುಸದ್ದನ್ನು ಕೊಡುತ್ತಾರೆ. ಕೋನ್ ನಿಧಾನವಾಗಿ ಹಿಂದೆ ಮುಂದೆ ಅಲುಗುತ್ತದೆ. ಉಜ್ಜುವ ಸದ್ದು ಬಂದರೆ ಅಂಚನ್ನು ಒಂದಿಷ್ಟು ಸರಿಸುತ್ತಾರೆ. ಸದ್ದು ನಿಂತ ಜಾಗವೇ ಸರಿಯಾದ ಜಾಗ.

ಸ್ಪೀಕರ್ ಒಳಗೂ ಕೆಪಾಸಿಟರ್ ಇರುತ್ತದೆ, ಟ್ವೀಟರ್ ಅನ್ನುವ ಚಿಕ್ಕ ಸ್ಪೀಕರಿಗೆ ತಾರ ಸ್ವರ ಮಾತ್ರ ಹೋಗುವಂತೆ ಸೋಸಲು. ಅದು ಒಣಗಿದರೆ ದಾರಿಯಲ್ಲಿ ರೆಸಿಸ್ಟೆನ್ಸ್ ಬೆಳೆದು ಟ್ವೀಟರ್ ಮಂಕಾಗುತ್ತದೆ. ಆಗ ಸೆಟ್ಟು ಮೆತ್ತಗೆ, ಬೆಚ್ಚಗೆ ಕೇಳಿಸುತ್ತದೆ. ಎಷ್ಟೋ ಜನ ಹೊಗಳುವ ಹಳೇ ಸದ್ದು ಇದೇ! 1970ರ ದಶಕದ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಆರೋಗ್ಯವಾಗಿದ್ದರೆ ಅದಕ್ಕೆ ತನ್ನದೇ ಬಣ್ಣ ಅಂತ ಹೆಚ್ಚೇನೂ ಇರುವುದಿಲ್ಲ. ಕೆಪಾಸಿಟರ್ ಬದಲಿಸಿದರೆ ಸೆಟ್ಟಿನ ಆತ್ಮವೇ ಹೋಗುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಅದನ್ನು ಕಟ್ಟಿದವರು ಕೇಳಿದ ಸದ್ದಿಗೆ ನಾವು ಹತ್ತಿರ ಹೋಗುವುದೇ ಆಗ. ತೆಗೆದ ಭಾಗಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಯಾವುದು ಎಲ್ಲಿತ್ತು ಅಂತ ಬರೆದು ಸೆಟ್ಟಿನ ಜೊತೆಗೇ ಇಡಿ. ಮುಂದೆ ರಿಪೇರಿ ಮಾಡುವವರಿಗೆ ಉಪಕಾರವಾಗುತ್ತದೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಮತ್ತೆ ಸಿಗದಿರುವುದನ್ನು. ಕೆಪಾಸಿಟರ್, ಬೆಲ್ಟ್, ಫೋಮ್ ಹೊಸದು ಸಿಗುತ್ತವೆ. ವಾಲ್ಯೂಮ್ ತಿರುಗಿಸಿದಾಗ ಬರುವ ಚರಚರ ಸದ್ದು ಎಷ್ಟೋ ಸಲ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟರೆ ಹೋಗುತ್ತದೆ. ಒಡೆದ ಡಯಲ್ ಗಾಜು, ಕಾಣೆಯಾದ ಗುಂಡಿ, ಸುಟ್ಟ ಟ್ರಾನ್ಸ್‌ಫಾರ್ಮರ್ ಸಿಗುವುದು ಕಷ್ಟ. ಆಮೇಲೆ ಹಿಂಬದಿಯ ಬರಹ ಓದಿ. ಜಪಾನಿನ ಒಳಮಾರುಕಟ್ಟೆಯ ಸೆಟ್ಟುಗಳು 100 ವೋಲ್ಟಿನವು, ಅಮೆರಿಕದವು 120. 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತವೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ರೆಕಾರ್ಡ್ ಪ್ಲೇಯರಿಗೆ ಅಷ್ಟೂ ಸಾಲದಿರಬಹುದು. ಎಸಿ ಸಿಂಕ್ರೊನಸ್ ಮೋಟರಿನ ವೇಗ ನಿಂತಿರುವುದು ಹರ್ಟ್ಸ್ ಮೇಲೆ, ಟ್ರಾನ್ಸ್‌ಫಾರ್ಮರ್ ಹರ್ಟ್ಸನ್ನು ಬದಲಿಸುವುದಿಲ್ಲ. 60 ಹರ್ಟ್ಸ್‌ಗೆ ಮಾಡಿದ ಪ್ಲೇಯರ್ 50 ಹರ್ಟ್ಸ್‌ನಲ್ಲಿ 33⅓ರ ಬದಲು 28ಕ್ಕಿಂತ ಕಡಿಮೆ ಸುತ್ತುತ್ತದೆ, ಹಾಡು ಎಳೆದಂತೆ ಕೇಳುತ್ತದೆ. ಮೋಟರಿನ ತುದಿಗೆ 50 ಹರ್ಟ್ಸ್‌ನ, ಕೊಂಚ ದಪ್ಪನೆಯ ಪುಲ್ಲಿ ಹಾಕಿದರೆ ವೇಗ ಸರಿಹೋಗುತ್ತದೆ. ಪ್ಲೇಯರ್ ತರುವ ಮುಂಚೆಯೇ ಆ ಮಾಡೆಲ್‌ಗೆ ಅಂಥ ಪುಲ್ಲಿ ಸಿಗುತ್ತದಾ ಅಂತ ವಿಚಾರಿಸಿಕೊಳ್ಳಿ.