ಕಿಡ್ನಿ ಕಸಿ: ತೂಕದ ಲೆಕ್ಕ ಎಲ್ಲಿ ಮುಖ್ಯ?

‘ತೂಕ ಭಾಳ ಅದ ಅಂತ, ಆಪರೇಷನ್ ಮಾಡಂಗಿಲ್ಲ ಅಂತ್ರೀ’ ಎಂಬ ಅಂಜಿಕೆಯೊಂದಿಗೆ ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬರುವ ಡಯಾಲಿಸಿಸ್ ರೋಗಿಗಳು ಕಡಿಮೆಯಲ್ಲ. ಈ ಅಂಜಿಕೆ ಅರ್ಧ ಮಾತ್ರ ಸರಿ.

ಹೊಸ ಕಿಡ್ನಿಯನ್ನು ಹಳೆಯ ಕಿಡ್ನಿಗಳ ಜಾಗದಲ್ಲಿ ಇಡುವುದಿಲ್ಲ; ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಇಟ್ಟು, ಕಾಲಿನ ಕಡೆಗೆ ಹೋಗುವ ದೊಡ್ಡ ರಕ್ತನಾಳಗಳಿಗೆ ಜೋಡಿಸುತ್ತಾರೆ. ಹೊಟ್ಟೆಯ ಕೊಬ್ಬು ದಪ್ಪವಾದಷ್ಟೂ ಆ ರಕ್ತನಾಳಗಳನ್ನು ತಲುಪುವುದು ಕಷ್ಟವಾಗುತ್ತದೆ, ಹೊತ್ತೂ ಹಿಡಿಯುತ್ತದೆ. ಕೊಬ್ಬಿಗೆ ರಕ್ತಸಂಚಾರ ಕಡಿಮೆ, ಜೊತೆಗೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲೆಂದು ಕೊಡುವ ಸ್ಟೀರಾಯ್ಡ್ ಗಾಯ ಮಾಯುವುದನ್ನು ತಡಮಾಡುತ್ತದೆ. ಆದ್ದರಿಂದ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) 30 ದಾಟಿದವರಲ್ಲಿ ಗಾಯದ ಸೋಂಕು, ಹೊಲಿಗೆ ಬಿಚ್ಚಿಕೊಳ್ಳುವುದು, ಮುಂದೆ ಅದೇ ಜಾಗದಲ್ಲಿ ಹರ್ನಿಯಾ ಆಗುವುದು, ಹೊಸ ಕಿಡ್ನಿ ಕೆಲಸ ಶುರುಮಾಡಲು ತಡವಾಗಿ ಕೆಲಕಾಲ ಡಯಾಲಿಸಿಸ್ ಮುಂದುವರಿಸಬೇಕಾಗುವುದು ಇವೆಲ್ಲ ಹೆಚ್ಚು.

ಹಾಗೆಂದು ಅವರನ್ನು ಡಯಾಲಿಸಿಸ್‌ನಲ್ಲೇ ಬಿಡುವುದು ಸುರಕ್ಷಿತವೆಂದಲ್ಲ. ಸ್ಥೂಲಕಾಯದವರೂ ಕಸಿಯಾದರೆ, ಡಯಾಲಿಸಿಸ್‌ನಲ್ಲೇ ಉಳಿಯುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಬಿಎಂಐ 40ರ ಆಚೆ ಈ ಲಾಭ ತಗ್ಗುತ್ತದೆ. ಬೊಜ್ಜು ಒಂದನ್ನೇ ನೆಪವಾಗಿಸಿ ಯಾರನ್ನೂ ಕಸಿಯಿಂದ ಹೊರಗಿಡಬಾರದೆಂದು ಕಿಡ್ನಿ ಚಿಕಿತ್ಸೆಯ ಕುರಿತ 2020ರ ಕೆಡಿಗೋ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸಲಹೆ ಮಾಡುತ್ತದೆ.

ಇಷ್ಟಕ್ಕೂ ತಕ್ಕಡಿ ತೋರಿಸುವುದೆಲ್ಲ ಕೊಬ್ಬಲ್ಲ. 160 ಸೆಂ.ಮೀ. ಎತ್ತರದ ವ್ಯಕ್ತಿಯ ತೂಕ 82 ಕಿಲೋ ಎಂದಿಟ್ಟುಕೊಳ್ಳಿ. ಬಿಎಂಐ 32 ಆಗುತ್ತದೆ. ಅದರಲ್ಲಿ 6 ಕಿಲೋ ಮೈಯಲ್ಲಿ ನಿಂತ ನೀರಾಗಿದ್ದು, ಡಯಾಲಿಸಿಸ್‌ನಲ್ಲಿ ಹಂತಹಂತವಾಗಿ ತೆಗೆದರೆ ಅದೇ ಬಿಎಂಐ 30ರೊಳಗೆ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ತೂಕ ಸರಿಯಿದ್ದೂ ತೋಳು ತೊಡೆಗಳ ಸ್ನಾಯು ಸವೆದು ಹೊಟ್ಟೆ ಮಾತ್ರ ಮುಂದೆ ಬಂದವರಿದ್ದಾರೆ. ನನ್ನ ಮಟ್ಟಿಗೆ ಅವರೇ ಹೆಚ್ಚು ಚಿಂತೆಯ ರೋಗಿಗಳು. ಆದ್ದರಿಂದ ‘ಡ್ರೈ ವೇಟ್’ (ಮೈಯಲ್ಲಿ ನಿಂತ ನೀರು ತೆಗೆದ ಮೇಲಿನ ತೂಕ) ನಿಗದಿಯಾಗದೆ, ಸೊಂಟದ ಸುತ್ತಳತೆ ನೋಡದೆ ತೀರ್ಮಾನಕ್ಕೆ ಬರಬಾರದು. ಆಪರೇಷನ್ ಬೇಗ ಆಗಲೆಂದು ಉಪವಾಸ ಬಿದ್ದು ತೂಕ ಇಳಿಸುವವರು ಕಳೆದುಕೊಳ್ಳುವುದರಲ್ಲಿ ಸ್ನಾಯುವಿನ ಪಾಲು ದೊಡ್ಡದು.

ನಾವು ನಿಜವಾಗಿ ಹತೋಟಿಯಲ್ಲಿಡಬಹುದಾದ ತೂಕ ಕಸಿಯ ನಂತರ, ಮೊದಲ ವರ್ಷದಲ್ಲಿ ಏರುವಂಥದ್ದು. ರಕ್ತದಲ್ಲಿ ಸೇರಿದ್ದ ಯೂರಿಯಾ ಎಂಬ ಕಶ್ಮಲ ಇಳಿದು ಬಾಯಿರುಚಿ ಮರಳುತ್ತದೆ, ಸ್ಟೀರಾಯ್ಡ್ ಹಸಿವನ್ನು ಹೆಚ್ಚಿಸುತ್ತದೆ, ಪಥ್ಯ ಸಡಿಲವಾಗುತ್ತದೆ. ಮನೆಯವರಿಗೋ ಮೈ ತುಂಬಿಕೊಳ್ಳುವುದೇ ಗುಣವಾದ ಗುರುತು. ನೋಡಲು ಬರುವ ಬೀಗರು ಪೇಡೆಯ ಪೊಟ್ಟಣ ತರುತ್ತಾರೆ, ಸಂಜೆಗೆ ಗಿರ್ಮಿಟ್, ಮಿರ್ಚಿ ಇದ್ದೇ ಇರುತ್ತದೆ. ಕಿಡ್ನಿಯ ತಿರಸ್ಕಾರ ತಡೆಯಲು ಕೊಡುವ ಟ್ಯಾಕ್ರೊಲಿಮಸ್ ಮತ್ತು ಸ್ಟೀರಾಯ್ಡ್ ಎರಡೂ ಸಕ್ಕರೆ ಏರಿಸುವ ಔಷಧಿಗಳಾದ್ದರಿಂದ, ಹೀಗೆ ಸೇರಿದ ಬೊಜ್ಜು ಹೊಸದಾಗಿ ಮಧುಮೇಹಕ್ಕೆ ದಾರಿ ಮಾಡುತ್ತದೆ. ಮಧುಮೇಹ, ರಕ್ತದೊತ್ತಡ ಸೇರಿ ಕಸಿ ಮಾಡಿದ ಕಿಡ್ನಿಯನ್ನೂ ಹೃದಯವನ್ನೂ ಬಾಧಿಸುತ್ತವೆ. ತೂಕ ಏರಿತೆಂದು ಸ್ಟೀರಾಯ್ಡ್ ಅನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ದೇಹ ಕಿಡ್ನಿಯನ್ನೇ ತಿರಸ್ಕರಿಸಬಹುದಾದ್ದರಿಂದ ಅದು ಬೊಜ್ಜಿಗಿಂತ ದೊಡ್ಡ ಅಪಾಯ. ಜೋಳದ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆ ಇರುವ ನಮ್ಮ ಊಟವೇ ಸಾಕು, ರೊಟ್ಟಿಯ ಎಣಿಕೆ ಮಾತ್ರ ಗೊತ್ತಿರಬೇಕು. ಗಾಯ ಮಾಗಿದ ಮೇಲೆ ದಿನಕ್ಕೆ ಅರ್ಧ ಗಂಟೆಯ ನಡಿಗೆ ಶುರುವಾಗಲಿ.

ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಬೇಕು. ತಿಂಗಳಲ್ಲಿ 2 ಕಿಲೋ ಏರಿದರೆ ಊಟದ ಬಗ್ಗೆ ಮಾತಾಡೋಣ. ಎರಡೇ ದಿನಗಳಲ್ಲಿ ಅಷ್ಟು ಏರಿ, ಕಾಲು ಬಾತು, ಮೂತ್ರ ಕಡಿಮೆಯಾದರೆ ಅದು ನೀರು ತುಂಬಿದ ಲಕ್ಷಣ, ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಅದೇ ದಿನ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಬೇಕು.