ಬ್ರಿಟಿಷ್ ರೈಡರ್‌ಗಳಿಗೆ ಮೋಟೋಜಿಪಿ ಯಾಕೆ ದೂರ? ಎರಡು ಏಣಿಗಳ ಟಿಪ್ಪಣಿ

ಬೈಕ್ ರೇಸಿನ ಅತಿ ಮೇಲಿನ ವಿಶ್ವ ದರ್ಜೆಯಾದ ಮೋಟೋಜಿಪಿ ನೋಡಲು ಶುರು ಮಾಡಿದವರಿಗೆ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ರೇಸು ಹೊರಡುವ ಸಾಲು, ಅಂದರೆ ಗ್ರಿಡ್ ತುಂಬ ಸ್ಪೇನ್ ಮತ್ತು ಇಟಲಿಯ ಹೆಸರುಗಳು. ಬ್ರಿಟನ್ನಿನದು ಒಂದೂ ಇಲ್ಲ. 2020ರ ಕೊನೆಗೆ ಕ್ಯಾಲ್ ಕ್ರಚ್ಲೋ ನಿವೃತ್ತರಾದರು. ಆಮೇಲೆ ಪೂರ್ತಿ ಸೀಸನ್ ಓಡಿಸುವ ಬ್ರಿಟಿಷ್ ರೈಡರ್ ಆ ದರ್ಜೆಗೆ ಬಂದೇ ಇಲ್ಲ.

ಇದು ಸಣ್ಣ ಮಾತಲ್ಲ. 1949ರಲ್ಲಿ ಮೋಟೋಜಿಪಿಯ ಹಿಂದಿನ ರೂಪವಾದ 500 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಶುರುವಾದಾಗ ಮೊದಲ ಚಾಂಪಿಯನ್ ಆದವರು ಎಜೆಎಸ್ ಬೈಕ್ ಓಡಿಸಿದ ಬ್ರಿಟನ್ನಿನ ಲೆಸ್ ಗ್ರಹಾಂ. ಆಮೇಲೆ ಜೆಫ್ ಡ್ಯೂಕ್, ಜಾನ್ ಸರ್ಟೀಸ್, ಮೈಕ್ ಹೇಲ್‌ವುಡ್ ತಲಾ 4 ಸಲ ಗೆದ್ದರು. ಫಿಲ್ ರೀಡ್ ಮತ್ತು ಬ್ಯಾರಿ ಶೀನ್ ತಲಾ 2 ಸಲ. ಕೂಡಿಸಿದರೆ 17. ಕೊನೆಯದು 1977ರಲ್ಲಿ ಸುಜುಕಿ ಮೇಲೆ ಶೀನ್ ಗೆದ್ದದ್ದು. ಅಲ್ಲಿಂದ ಮುಂದೆ ಸೊನ್ನೆ.

ಹಾಗಾದರೆ ಬ್ರಿಟನ್ನಿನಲ್ಲಿ ಪ್ರತಿಭೆ ಬತ್ತಿ ಹೋಯಿತಾ? ಖಂಡಿತ ಇಲ್ಲ. ಶೋರೂಮ್ ಬೈಕುಗಳ ರೇಸ್ ರೂಪ ಓಡುವ ವಿಶ್ವ ಚಾಂಪಿಯನ್‌ಷಿಪ್ ಆದ ವರ್ಲ್ಡ್ ಸೂಪರ್‌ಬೈಕ್ ಪಟ್ಟಿ ತೆಗೆದು ನೋಡಿ. ಕಾರ್ಲ್ ಫೋಗಾರ್ಟಿ 4 ಪಟ್ಟ, ನೀಲ್ ಹಾಡ್ಜ್‌ಸನ್ 2003ರಲ್ಲಿ, ಜೇಮ್ಸ್ ಟೋಸ್‌ಲ್ಯಾಂಡ್ 2004 ಮತ್ತು 2007ರಲ್ಲಿ, ಟಾಮ್ ಸೈಕ್ಸ್ 2013ರಲ್ಲಿ. ಉತ್ತರ ಐರ್ಲೆಂಡಿನ ಜೊನಾಥನ್ ರೇ ಅಂತೂ 2015ರಿಂದ 2020ರವರೆಗೆ ಸತತ 6 ಸಲ. ಒಂದು ಕಡೆ ಇಷ್ಟು ಗೆಲುವು, ಇನ್ನೊಂದು ಕಡೆ ಖಾಲಿ ಗ್ರಿಡ್. ನಾವು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ.

ನನ್ನ ಉತ್ತರ ಇಷ್ಟು: ರೇಸಿಂಗ್‌ನಲ್ಲಿ ಮೇಲೆ ಹೋಗಲು ಒಂದಲ್ಲ, ಎರಡು ಏಣಿಗಳಿವೆ. ಯಾವುದನ್ನು ಹತ್ತಬೇಕು ಅನ್ನೋದು ಸುಮಾರು 13ರಿಂದ 16ರ ವಯಸ್ಸಿನೊಳಗೆ ತೀರ್ಮಾನ ಆಗಿಬಿಡುತ್ತದೆ. ಬ್ರಿಟನ್ನಿನ ಹುಡುಗನ ಮನೆ ಬಾಗಿಲಲ್ಲೇ ನಿಂತಿರುವುದು ಎರಡನೆಯ ಏಣಿ. ಅದು ಮೋಟೋಜಿಪಿಗೆ ಹೋಗುವುದಿಲ್ಲ.

ಏಣಿ ಒಂದು: ಗ್ರ್ಯಾಂಡ್ ಪ್ರೀ ದಾರಿ

ಮಿನಿಬೈಕ್, ಆಮೇಲೆ ಹದಿಹರೆಯದವರ ಸರಣಿಗಳಾದ ಟ್ಯಾಲೆಂಟ್ ಕಪ್, ರೆಡ್ ಬುಲ್ ರೂಕೀಸ್ ಕಪ್, ಜೂನಿಯರ್‌ಜಿಪಿ. ಅಲ್ಲಿಂದ ಗ್ರ್ಯಾಂಡ್ ಪ್ರೀಯ ಮೂರು ದರ್ಜೆಗಳು: ಮೋಟೋ3, ಮೋಟೋ2, ಕೊನೆಗೆ ಮೋಟೋಜಿಪಿ. ಮೋಟೋ3 ಬೈಕಿಗೆ 250 ಸಿಸಿಯ ಒಂದೇ ಸಿಲಿಂಡರ್. ಮೋಟೋ2ಗೆ 2019ರಿಂದ 765 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಅದೂ ಬ್ರಿಟನ್ನಿನ ಟ್ರಯಂಫ್ ಕಂಪನಿಯದು. ಎಂಜಿನ್ ಬ್ರಿಟಿಷ್, ಓಡಿಸುವವರು ಬಹುಪಾಲು ಬೇರೆಯವರು!

ಈ ದಾರಿಯ ಕೇಂದ್ರ ಸ್ಪೇನ್. ಜೂನಿಯರ್‌ಜಿಪಿ ರೇಸುಗಳು ಹೆಚ್ಚಾಗಿ ಅಲ್ಲೇ ನಡೆಯುತ್ತವೆ. ಚಳಿಗಾಲದಲ್ಲೂ ಅಲ್ಲಿ ಬಿಸಿಲಿರುತ್ತದೆ, ಅಭ್ಯಾಸ ನಿಲ್ಲುವುದಿಲ್ಲ. ಅಲ್ಲಿನ ಹುಡುಗ 15 ತುಂಬುವ ಹೊತ್ತಿಗೆ ಹೆರೆಜ್, ಬಾರ್ಸಿಲೋನಾ, ಅರಗಾನ್, ವಲೆನ್ಸಿಯಾ ಟ್ರ್ಯಾಕುಗಳನ್ನು ಕಣ್ಣು ಮುಚ್ಚಿ ಹೇಳಬಲ್ಲ. ಮುಂದೆ ಮೋಟೋಜಿಪಿ ನಡೆಯುವುದೂ ಅವೇ ಟ್ರ್ಯಾಕುಗಳಲ್ಲಿ. ಬ್ರಿಟಿಷ್ ಹುಡುಗ ಇದನ್ನು ಗಳಿಸಬೇಕೆಂದರೆ ಓದು, ಮನೆ, ಗೆಳೆಯರನ್ನು ಬಿಟ್ಟು ಹೋಗಬೇಕು. ಬ್ರಾಡ್ಲಿ ಸ್ಮಿತ್ ಮತ್ತು ಸ್ಕಾಟ್ ರೆಡಿಂಗ್ ಹಾಗೆ ಚಿಕ್ಕ ವಯಸ್ಸಿನಲ್ಲೇ ಸ್ಪೇನಿನ ರೇಸುಗಳಿಗೆ ಹೋದವರು. ಇಬ್ಬರೂ ಮೋಟೋಜಿಪಿ ತಲುಪಿದರು.

ಏಣಿ ಎರಡು: ಮನೆಯಂಗಳದ ದಾರಿ

ಬ್ರಿಟಿಷ್ ಸೂಪರ್‌ಸ್ಪೋರ್ಟ್, ಬ್ರಿಟಿಷ್ ಸೂಪರ್‌ಬೈಕ್ ಅಂದರೆ ಬಿಎಸ್‌ಬಿ, ಆಮೇಲೆ ವರ್ಲ್ಡ್ ಸೂಪರ್‌ಬೈಕ್. ಇಲ್ಲಿ ಓಡುವುದು ಶೋರೂಮಿನಲ್ಲಿ ಸಿಗುವ ಬೈಕಿನ ರೇಸ್ ರೂಪ. ಬಿಎಸ್‌ಬಿ ಒಂದು ದೇಶದ ಚಾಂಪಿಯನ್‌ಷಿಪ್ ಅಷ್ಟೇ ಅಂತ ಕಡೆಗಣಿಸಬೇಡಿ. ಜನ ತುಂಬುತ್ತಾರೆ, ಟಿವಿ ಇದೆ, ಸ್ಪಾನ್ಸರ್‌ಗಳಿದ್ದಾರೆ. ಒಳ್ಳೆ ರೈಡರ್ ಅಲ್ಲೇ ಗೌರವದಿಂದ ಬದುಕಬಹುದು. ಶೇನ್ ಬರ್ನ್ ಅಲ್ಲಿ 6 ಸಲ ಚಾಂಪಿಯನ್. ಕೊನೆಯ ಸಲ, 2017ರಲ್ಲಿ ಗೆದ್ದಾಗ ಅವರಿಗೆ 40 ವರ್ಷ. ಇತ್ತ ಮೋಟೋಜಿಪಿ ತಂಡಗಳು ಹುಡುಕುವುದು 20ರ ಆಸುಪಾಸಿನವರನ್ನು.

ಈಗ ಸ್ವಲ್ಪ ನಿಧಾನವಾಗಿ ಓದಿ, ವಿಷಯದ ತಿರುಳು ಇಲ್ಲಿದೆ. ಬಿಎಸ್‌ಬಿಯಲ್ಲಿ 2012ರಿಂದ ಎಲ್ಲರಿಗೂ ಒಂದೇ ಮೋಟೆಕ್ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್. ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಹಿಂದಿನ ಚಕ್ರ ಜಾರಿದರೆ ಅದನ್ನು ಹಿಡಿಯುವುದು ಕಂಪ್ಯೂಟರ್ ಅಲ್ಲ, ರೈಡರ್‌ನ ಬಲಗೈ. ಟ್ರ್ಯಾಕುಗಳೂ ಬೇರೆ ಥರ: ಹಳೆಯವು, ಕಿರಿದಾದವು, ಉಬ್ಬು ತಗ್ಗು ಜಾಸ್ತಿ. ಕ್ಯಾಡ್ವೆಲ್ ಪಾರ್ಕಿನಲ್ಲಿ ಮೌಂಟನ್ ಅನ್ನೋ ಏರು ಇದೆ. ಅದನ್ನು ದಾಟುವಾಗ ಬೈಕಿನ ಎರಡೂ ಚಕ್ರ ನೆಲ ಬಿಡುತ್ತವೆ. ಇಂಥಲ್ಲಿ ಪಳಗಿದವರಿಗೆ ಧೈರ್ಯ ಮತ್ತು ಥ್ರಾಟಲ್ ಮೇಲಿನ ಹಿಡಿತ ಅದ್ಭುತವಾಗಿರುತ್ತದೆ.

ಮೋಟೋಜಿಪಿ ಬೈಕು ಕೇಳುವುದು ಬೇರೆ ಕೌಶಲ. ಅಲ್ಲಿ ಕಾರ್ಬನ್ ಡಿಸ್ಕ್ ಬ್ರೇಕ್. ಅದು ಚೆನ್ನಾಗಿ ಕಾದಾಗಲೇ ಸರಿಯಾಗಿ ಹಿಡಿಯುತ್ತದೆ. ಬಾಗುತ್ತಲೇ ಬ್ರೇಕ್ ಒತ್ತಿಕೊಂಡು ತಿರುವಿನೊಳಗೆ ಹೋಗಬೇಕು, ಮುಂದಿನ ಟಯರ್ ಮೇಲೆ ಪೂರ್ತಿ ನಂಬಿಕೆ ಇಡಬೇಕು. ಜೊತೆಗೆ ಬೈಕನ್ನು ನೆಲಕ್ಕೆ ಒತ್ತುವ ರೆಕ್ಕೆಗಳು, ಓಡುವಾಗ ಬೈಕಿನ ಎತ್ತರ ತಗ್ಗಿಸುವ ಸಾಧನ. ಮೋಟೋ3ರಿಂದ ಬಂದವರು ತಿರುವಿನಲ್ಲಿ ವೇಗ ಉಳಿಸಿಕೊಳ್ಳುವುದನ್ನು ಮೀಸೆ ಮೂಡುವ ಮುಂಚೆಯೇ ಕಲಿತಿರುತ್ತಾರೆ. ಸೂಪರ್‌ಬೈಕಿನವರು ಗಟ್ಟಿಯಾಗಿ ಬ್ರೇಕ್ ಹಾಕಿ, ಬೈಕ್ ತಿರುಗಿಸಿ, ಎತ್ತಿ ನಿಲ್ಲಿಸಿ, ಥ್ರಾಟಲ್ ಕೊಟ್ಟು ಓಡಿಸಿ ಅಭ್ಯಾಸ. 27ನೇ ವಯಸ್ಸಿನಲ್ಲಿ ಆ ಅಭ್ಯಾಸ ಕಳಚುವುದು ಸುಲಭ ಅಲ್ಲ.

ಈ ಏಣಿಯಿಂದ ಆ ಏಣಿಗೆ ಹಾರಿದವರು

ಇದ್ದಾರೆ. ಆದರೆ ಹೇಗೆ ಹಾರಿದರು ಅಂತ ನೋಡಬೇಕು. ಕ್ರಚ್ಲೋ 2009ರಲ್ಲಿ ಯಮಹಾ ಮೇಲೆ ವರ್ಲ್ಡ್ ಸೂಪರ್‌ಸ್ಪೋರ್ಟ್ ಗೆದ್ದರು. 2010ರಲ್ಲಿ ಯಮಹಾದಲ್ಲೇ ವರ್ಲ್ಡ್ ಸೂಪರ್‌ಬೈಕ್ ಓಡಿಸಿದರು. 2011ರಲ್ಲಿ ಯಮಹಾ ಬೈಕುಗಳನ್ನೇ ಓಡಿಸುತ್ತಿದ್ದ ಟೆಕ್3 ತಂಡದ ಮೂಲಕ ಮೋಟೋಜಿಪಿ. ಗಮನಿಸಿದಿರಾ? ಮೂರೂ ಮೆಟ್ಟಿಲಲ್ಲಿ ಒಂದೇ ಕಂಪನಿ ಕೈ ಹಿಡಿದಿದೆ. ಬರಿ ಗೆಲುವು ಸಾಕಾಗುವುದಿಲ್ಲ, ಹಿಂದೆ ಒಬ್ಬ ತಯಾರಕ ನಿಂತಿರಬೇಕು.

2016ರ ಆಗಸ್ಟ್‌ನಲ್ಲಿ ಚೆಕ್ ಗಣರಾಜ್ಯದ ಬ್ರನೋದಲ್ಲಿ ಅವರು ಗೆದ್ದ ರೇಸನ್ನು ಸಿಕ್ಕರೆ ಪೂರ್ತಿ ನೋಡಿ. ಟ್ರ್ಯಾಕ್ ಒದ್ದೆ. ಮಳೆ ಟಯರಿನಲ್ಲೂ ಮೆದು, ಗಟ್ಟಿ ಅಂತ ಎರಡು ಬಗೆ. ಹೆಚ್ಚಿನವರು ಮೆದು ಟಯರ್ ಹಾಕಿಕೊಂಡರೆ ಕ್ರಚ್ಲೋ ಹಿಂದೆ ಮುಂದೆ ಎರಡಕ್ಕೂ ಗಟ್ಟಿಯದನ್ನೇ ಆರಿಸಿದರು. 10ನೇ ಸ್ಥಾನದಿಂದ ಹೊರಟು ಮೊದಲ ಸುತ್ತುಗಳಲ್ಲಿ ಇನ್ನೂ ಹಿಂದೆ ಬಿದ್ದರು. ಟ್ರ್ಯಾಕ್ ಒಣಗುತ್ತ ಬಂದಂತೆ ಮುಂದಿದ್ದವರ ಮೆದು ಟಯರ್ ಸವೆದು ಹೋಯಿತು, ಇವರದು ಹಾಗೇ ಉಳಿಯಿತು. ದಿಗ್ಗಜರಾದ ವ್ಯಾಲೆಂಟಿನೊ ರೊಸ್ಸಿ ಎರಡನೆಯವರು, ಮಾರ್ಕ್ ಮಾರ್ಕೆಜ್ ಮೂರನೆಯವರು. 1981ರಲ್ಲಿ ಸ್ವೀಡನ್ನಿನಲ್ಲಿ ಶೀನ್ ಗೆದ್ದ ಮೇಲೆ, 35 ವರ್ಷಕ್ಕೆ ಮೇಲ್ದರ್ಜೆಯಲ್ಲಿ ಬ್ರಿಟನ್ನಿಗೆ ಸಿಕ್ಕ ಗೆಲುವು ಅದು.

ರೇ ಅವರದು ಇದಕ್ಕೆ ತದ್ವಿರುದ್ಧ. 2012ರಲ್ಲಿ ಗಾಯಗೊಂಡ ಕೇಸಿ ಸ್ಟೋನರ್ ಬದಲಿಗೆ ರೆಪ್ಸೋಲ್ ಹೋಂಡಾದಲ್ಲಿ ಎರಡೇ ಎರಡು ರೇಸು ಸಿಕ್ಕವು. ಮಿಸಾನೋದಲ್ಲಿ 8ನೇ ಸ್ಥಾನ, ಅರಗಾನ್‌ನಲ್ಲಿ 7ನೇ ಸ್ಥಾನ. ಬದಲಿ ಆಟಗಾರನಾಗಿ ಬಂದವರಿಗೆ ಇದು ಬಹಳ ಒಳ್ಳೆ ಫಲಿತಾಂಶ. ಆದರೂ ಅಲ್ಲಿ ಕಾಯಂ ಸೀಟು ಸಿಗಲಿಲ್ಲ. ಮುಂದೆ ಕವಾಸಾಕಿಗೆ ಹೋಗಿ 6 ಪಟ್ಟ ಗೆದ್ದರು. ಕವಾಸಾಕಿ ಆಗಲೇ ಮೋಟೋಜಿಪಿ ಬಿಟ್ಟಾಗಿತ್ತು. ಅಂದರೆ ಮೇಲಕ್ಕೆ ಕರೆದೊಯ್ಯುವ ಕೈಯೇ ಇರಲಿಲ್ಲ. ನನ್ನ ಮಟ್ಟಿಗೆ, ಕಳೆದ ಎರಡು ದಶಕಗಳಲ್ಲಿ ಮೋಟೋಜಿಪಿ ಕಳೆದುಕೊಂಡ ಅತಿ ದೊಡ್ಡ ಬ್ರಿಟಿಷ್ ಪ್ರತಿಭೆ ರೇ.

ಮೊದಲ ಏಣಿ ಹತ್ತಿದರೂ ಗ್ಯಾರಂಟಿ ಇಲ್ಲ

ರೆಡಿಂಗ್ 2008ರಲ್ಲಿ ಡೊನಿಂಗ್ಟನ್‌ನಲ್ಲಿ 125 ಸಿಸಿ (ಮೋಟೋ3ಗೆ ಮುಂಚಿನ ದರ್ಜೆ) ರೇಸು ಗೆದ್ದಾಗ ವಯಸ್ಸು 15. ಆಗ ಅದು ಅತಿ ಕಿರಿಯ ವಿಜೇತನ ದಾಖಲೆ. ಆಮೇಲೆ ಎತ್ತರ ಬೆಳೆದರು, ತೂಕವೂ ಹೆಚ್ಚಿತು, ಸಣ್ಣ ಬೈಕಿನಲ್ಲಿ ಅದೇ ತೊಡಕಾಯಿತು. 2013ರಲ್ಲಿ ಮೋಟೋ2ಗೆ ಬೈಕ್ ಮತ್ತು ರೈಡರ್ ಸೇರಿಸಿ ಕನಿಷ್ಠ ತೂಕದ ನಿಯಮ ಬಂತು. ಆ ವರ್ಷ ಅವರು ಪಟ್ಟದ ಹತ್ತಿರ ಬಂದರು. ಅಂಕಪಟ್ಟಿಯಲ್ಲಿ ಮುಂದಿದ್ದಾಗ ಫಿಲಿಪ್ ಐಲ್ಯಾಂಡ್‌ನ ಕ್ವಾಲಿಫೈಯಿಂಗ್‌ನಲ್ಲಿ ಬಿದ್ದು ಮಣಿಕಟ್ಟು ಮುರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಪೋಲ್ ಎಸ್ಪರ್ಗಾರೊ ಗೆದ್ದರು.

ಡ್ಯಾನಿ ಕೆಂಟ್ 2015ರಲ್ಲಿ ಮೋಟೋ3 ಗೆದ್ದು, ಶೀನ್ ನಂತರದ ಮೊದಲ ಬ್ರಿಟಿಷ್ ಗ್ರ್ಯಾಂಡ್ ಪ್ರೀ ವಿಶ್ವ ಚಾಂಪಿಯನ್ ಆದರು. ಮೊದಲರ್ಧದಲ್ಲಿ ಭಾರಿ ಅಂತರದಿಂದ ಮುಂದಿದ್ದವರು ಕೊನೆಗೆ ಮಿಗೆಲ್ ಒಲಿವೇರಾಗಿಂತ ಬರೀ 6 ಅಂಕ ಹೆಚ್ಚು ಪಡೆದು ಉಳಿದುಕೊಂಡರು. ಮೋಟೋ2ರಲ್ಲಿ ಅವರಿಗೆ ನೆಲೆ ಸಿಗಲಿಲ್ಲ, ಕೆಲವೇ ವರ್ಷಗಳಲ್ಲಿ ಬಿಎಸ್‌ಬಿ ಕಡೆ ಬಂದರು. ಒಲಿವೇರಾ ಮೋಟೋಜಿಪಿಗೆ ಹೋಗಿ ರೇಸುಗಳನ್ನು ಗೆದ್ದರು. ಹಾಗಾಗಿ ಮೋಟೋ3 ಪಟ್ಟ ನೋಡಿದ ಕೂಡಲೇ ಭವಿಷ್ಯ ಬರೆದುಬಿಡಬೇಡಿ. ನಿಜವಾದ ಜರಡಿ ಮೋಟೋ2.

ಈಗಿನ ಸ್ಥಿತಿ

2018ರಲ್ಲಿ ಬ್ರಿಟಿಷ್ ಟ್ಯಾಲೆಂಟ್ ಕಪ್ ಶುರುವಾಯಿತು. ಎಲ್ಲರಿಗೂ ಒಂದೇ ಹೋಂಡಾ ಎನ್‌ಎಸ್‌ಎಫ್250ಆರ್. ಮೊದಲ ಚಾಂಪಿಯನ್ ರೋರಿ ಸ್ಕಿನ್ನರ್ ಬಿಎಸ್‌ಬಿ ಮೂಲಕ ಸುತ್ತಿ ಬಂದು 2023ರಲ್ಲಿ ಮೋಟೋ2 ಓಡಿಸಿದರು. ಸ್ಕಾಟ್ ಆಗ್ಡನ್ ಅದೇ ಕಪ್‌ನಿಂದ ಬಂದು, ಮೈಕಲ್ ಲಾವರ್ಟಿ ಕಟ್ಟಿದ ತಂಡದಲ್ಲಿ 2022ರಿಂದ ಮೋಟೋ3 ಓಡಿಸಿದವರು. ಹುಡುಗರಿಗೆ ಮನೆಯಲ್ಲೇ ಗ್ರ್ಯಾಂಡ್ ಪ್ರೀ ಮಾದರಿಯ ಬೈಕ್ ಸಿಗುತ್ತಿರುವುದು ದೊಡ್ಡ ಬದಲಾವಣೆ. ಆದರೆ ಆ ಕಪ್‌ನ ರೇಸುಗಳು ಬಹಳಷ್ಟು ಬ್ರಿಟಿಷ್ ಟ್ರ್ಯಾಕುಗಳಲ್ಲೇ ನಡೆಯುತ್ತವೆ. ಜೂನಿಯರ್‌ಜಿಪಿಗೆ ಹೋಗುವ ಖರ್ಚು ಮತ್ತು ಊರು ಬಿಡುವ ಕಷ್ಟ ಹಾಗೇ ಉಳಿದಿವೆ.

2027ರ ನಿಯಮಗಳನ್ನೂ ಟಿಪ್ಪಣಿ ಮಾಡಿಕೊಳ್ಳಿ. ಎಂಜಿನ್ 1000 ಸಿಸಿಯಿಂದ 850 ಸಿಸಿಗೆ ಇಳಿಯುತ್ತದೆ, ಬೈಕ್ ತಗ್ಗಿಸುವ ಸಾಧನಕ್ಕೆ ನಿಷೇಧ, ಟಯರ್ ಮಿಶೆಲಿನ್ ಬದಲು ಪಿರೆಲ್ಲಿ. ಬಿಎಸ್‌ಬಿ ಮತ್ತು ವರ್ಲ್ಡ್ ಸೂಪರ್‌ಬೈಕ್ ಎರಡರಲ್ಲೂ ಓಡುತ್ತ ಬಂದಿರುವುದು ಪಿರೆಲ್ಲಿಯೇ ಅಲ್ವಾ? ಎರಡು ಏಣಿಗಳ ನಡುವಿನ ಅಂತರ ಒಂದಿಷ್ಟು ಕಮ್ಮಿ ಆಗಬಹುದು ಅಂತ ನನ್ನ ನಿರೀಕ್ಷೆ. ಟರ್ಕಿಯ ತೊಪ್ರಾಕ್ ರಜ್ಗತ್ಲಿಯೋಲು ವರ್ಲ್ಡ್ ಸೂಪರ್‌ಬೈಕ್‌ನಿಂದ 2026ಕ್ಕೆ ಯಮಹಾ ಮೂಲಕ ಮೋಟೋಜಿಪಿ ಸೀಟು ಪಡೆದರು. ಆ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಅದಕ್ಕೆ ಮುಂಚೆ ಅವರು 2 ಸಲ ಚಾಂಪಿಯನ್ ಆಗಬೇಕಾಯಿತು.

ಬ್ರಿಟನ್ನಿಗೆ ಹತ್ತಿರದ ಆಸೆ ಜೇಕ್ ಡಿಕ್ಸನ್ ಮೇಲಿತ್ತು. ಬಿಎಸ್‌ಬಿಯಿಂದ 2019ರಲ್ಲಿ ಮೋಟೋ2ಗೆ ಬಂದರು, 2023ರಲ್ಲಿ ಆಸ್ಸೆನ್‌ನಲ್ಲಿ ಮೊದಲ ಗೆಲುವು, 2024ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಮನೆಯ ಜನರ ಮುಂದೆ ಇನ್ನೊಂದು. 2021ರಲ್ಲಿ ಬದಲಿ ರೈಡರ್ ಆಗಿ ಮೋಟೋಜಿಪಿ ಬೈಕನ್ನೂ ಓಡಿಸಿದ್ದರು. ಕಾಯಂ ಸೀಟು ಕೊನೆಗೂ ಬರಲಿಲ್ಲ. 30 ತುಂಬಿದ ವರ್ಷ, 2026ಕ್ಕೆ ಅವರು ಹೋಂಡಾ ಜೊತೆ ವರ್ಲ್ಡ್ ಸೂಪರ್‌ಬೈಕ್ ಕಡೆ ತಿರುಗಿದರು.